ನಿಂತಲ್ಲೊಂದು ಕಲ್ಲು

“ಅಮ್ಮಾ, ಕಲ್ಲಜ್ಜಿ ಏನು ತಪ್ಪು ಮಾಡಿದ್ರು? ಅವರನ್ನ ಯಾಕೆ ಡಬ್ಬದೊಳಗೆ ಕೂರಿಸಿದಾರೆ?”

ಐದು ವರ್ಷದ ಮಗಳು ಇದನ್ನು ಕೇಳಿದ್ದು ಊರಂಚಿನ ವನಧಾಮದ ಬಾಗಿಲಲ್ಲಿ, ಭಾನುವಾರ ಬೆಳಗ್ಗೆ, ಹಿಂದೆ ಹತ್ತು ಹದಿನೈದು ಜನ ಟಿಕೆಟ್ಟಿಗೆ ಸಾಲು ನಿಂತಿದ್ದಾಗ. ಮಗುವಿನ ಗಂಟಲು ಸಣ್ಣದಲ್ಲ. ಇಡೀ ಸಾಲಿಗೆ ಕೇಳಿಸಿತು. ತಾಯಿ ಅವಳ ಕೈ ಹಿಂಡಿ “ಶ್, ಸುಮ್ನಿರು” ಎಂದಳು. ಆದರೆ ಮುಂದೆ ನೋಡಿದಾಗ, ಮಗು ಕೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಕಾಣಲಿಲ್ಲ. ಎರಡು ತಿಂಗಳ ಹಿಂದೆ ಇವರು ಬಂದಾಗ ಇಲ್ಲದಿದ್ದ, ಹೊಸದಾಗಿ ತಂದು ನಿಲ್ಲಿಸಿದ್ದ ಪ್ಲೈವುಡ್ಡಿನ ಗೂಡು ಅದು. ಒಬ್ಬರು ಕೂತರೆ ಮಂಡಿ ಹಲಗೆಗೆ ತಾಗಬೇಕು. ಎದುರಿಗೆ ಒಂದು ಕೈ ತೂರುವಷ್ಟು ಕಿಂಡಿ. ಕಿಂಡಿಯ ಹಿಂದೆ ಆಯಮ್ಮ. ಈ ನಾಲ್ಕು ವರ್ಷಗಳಲ್ಲಿ ಆಯಮ್ಮ ಕೂತದ್ದನ್ನು ತಾಯಿಯಾಗಲಿ ಮಗಳಾಗಲಿ ನೋಡಿದ್ದೇ ಇಲ್ಲ.

“ಇದೇನು ಆಯಮ್ಮ, ಇಲ್ಲಿ?”

“ಬಡ್ತಿ ಕಣಮ್ಮಾ,” ಎಂದರು ಆಯಮ್ಮ, ಟಿಕೆಟ್ ಹರಿಯುತ್ತ. “ಕೂತು ಮಾಡೋ ಕೆಲಸ ಕೊಟ್ಟಿದಾರೆ. ಇನ್ನು ಮೇಲೆ ನಾನು ನಡೆಯೋದು ಬೇಡವಂತೆ.”

ಮಗಳು ಕಿಂಡಿಗೆ ಮೂಗು ತಾಗಿಸಿ ನಿಂತಳು. “ಜೇಬಲ್ಲಿ ಕಲ್ಲಿದೆಯಾ?”

ಆಯಮ್ಮನ ಕೈ ತಾನಾಗಿಯೇ ಏಪ್ರನ್ನಿನ ಜೇಬಿಗೆ ಹೋಯಿತು. ಹೋದ ಕೈ ಬರಿದಾಗಿ ಹೊರಗೆ ಬಂತು. “ಇಲ್ಲ ಪುಟ್ಟಿ. ಡಬ್ಬದೊಳಗೆ ಕಲ್ಲಿಗೆ ಏನು ಕೆಲಸ? ಹೋಗಿ ಬನ್ನಿ, ಹಿಂದೆ ಜನ ಕಾಯ್ತಿದಾರೆ.”

ಕಲ್ಲಜ್ಜಿ ಎನ್ನುವುದು ಮಗಳು ಇಟ್ಟ ಹೆಸರು. ಉಳಿದವರಿಗೆಲ್ಲ ಅವರು ಆಯಮ್ಮ. ಊರಿನ ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ಇಪ್ಪತ್ತೇಳು ವರ್ಷ ಆಯಾ ಆಗಿದ್ದವರು. ಕೆಲಸ ಬಿಟ್ಟು ಬಂದರೂ ಆ ಹೆಸರು ಅವರನ್ನು ಬಿಡಲಿಲ್ಲ. ಆಪರೇಷನ್ ಆದ ಎರಡನೆಯ ದಿನ ಡಾಕ್ಟರು ಬಂದು, ಹಾಸಿಗೆಯ ತುದಿಗೆ ನೇತುಹಾಕಿದ ಹಾಳೆಯಲ್ಲಿ ‘ನಡೆಸಿ’ ಎಂದು ಒಂದೇ ಪದ ಗೀಚಿ ಹೋಗುತ್ತಿದ್ದರು. ಬರೆದವರಿಗೆ ಅಷ್ಟೇ ಕೆಲಸ. ನಡೆಸುವುದು ಆಯಮ್ಮನ ಪಾಲು. ಹೊಟ್ಟೆ ಕೊಯ್ಸಿಕೊಂಡವರು, ಎದೆ ಕೊಯ್ಸಿಕೊಂಡವರು, ಹೆತ್ತವರು, ಎಲ್ಲರೂ ಅವರ ತೋಳಿಗೆ ಜೋತುಬಿದ್ದು ವಾರ್ಡಿನ ಉದ್ದನೆಯ ಹಜಾರದಲ್ಲಿ ಮೊದಲ ಹೆಜ್ಜೆ ಇಟ್ಟವರೇ. ಆ ಹಜಾರಕ್ಕೆ ಒಂಬತ್ತು ಕಿಟಕಿ.

ಆಯಮ್ಮ ಯಾರನ್ನೂ “ಸುಸ್ತಾಯ್ತಾ?” ಎಂದು ಕೇಳುತ್ತಿರಲಿಲ್ಲ. “ಬಾಯನ್ನ ಕೇಳಿದ್ರೆ ಚೆನ್ನಾಗಿದೀನಿ ಅನ್ನುತ್ತೆ, ಬೇಗ ಮನೆಗೆ ಹೋಗಬೇಕಲ್ಲ! ನಾನು ಕಾಲು ನೋಡ್ತೀನಿ,” ಎನ್ನುತ್ತಿದ್ದರು. ಮೊದಲ ದಿನ ಬರಿಗೈಲಿ ಜೊತೆಗೆ ನಡೆಯುವರು. ಯಾವ ಕಿಟಕಿಯ ಹತ್ತಿರ ಕಾಲು ನಿಂತಿತು ಎಂದು ನೋಡಿಕೊಳ್ಳುವರು. ಮಾರನೆಯ ದಿನ ಆ ಕಿಟಕಿಯ ಕೆಳಗೆ, ಒಂದು ಹೆಜ್ಜೆ ಆಚೆಗಿಲ್ಲ ಈಚೆಗಿಲ್ಲ, ಒಂದು ಕುರ್ಚಿ ಕಾದಿರುತ್ತಿತ್ತು. ಅದರ ಮರುದಿನ ಕುರ್ಚಿ ಒಂದು ಕಿಟಕಿ ಮುಂದೆ.

ಐದು ವರ್ಷದ ಕೆಳಗೆ, ಆಪರೇಷನ್ ಆಗಿ ಇದೇ ಮಗಳನ್ನು ಹೆತ್ತಾಗ, ಈ ತಾಯಿ ಅದೇ ಹಜಾರದಲ್ಲಿ ಹೊಟ್ಟೆಯ ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೂರನೆಯ ಕಿಟಕಿಯವರೆಗೆ ಬಂದು, ಮುಂದೆ ಹೆಜ್ಜೆ ಏಳದೆ, ಗೋಡೆಗೆ ಹಣೆ ಒರಗಿಸಿ ಬಿಕ್ಕಿದ್ದಳು. ಪಕ್ಕದ ಹಾಸಿಗೆಯವಳು ಆಗಲೇ ಆರನೆಯ ಕಿಟಕಿ ದಾಟಿದ್ದಳು. ಆಯಮ್ಮ ಸಮಾಧಾನ ಹೇಳಲಿಲ್ಲ, ಬೆನ್ನು ಸವರಲಿಲ್ಲ. ಮಾರನೆಯ ದಿನ ಮೂರನೆಯ ಕಿಟಕಿಯ ಕೆಳಗೆ ಕುರ್ಚಿ ಇತ್ತು, ಅಷ್ಟೆ. ಆ ಕುರ್ಚಿ ಕಂಡಾಗ ಆದ ನೆಮ್ಮದಿಯನ್ನು ಅವಳು ಇವತ್ತಿಗೂ ಮರೆತಿಲ್ಲ. ಮಗಳಿಗೆ ಒಂದು ವರ್ಷ ತುಂಬಿದ ಮೇಲೆ, ಎತ್ತಿಕೊಂಡು ಮೊದಲ ಸಲ ಈ ವನಧಾಮದ ಸುತ್ತುದಾರಿಗೆ ಬಂದಾಗ, ಪೊರಕೆ ಹಿಡಿದ ಹೆಂಗಸೊಬ್ಬರು ಎದುರು ಬಂದು ಅವಳ ಮುಖವನ್ನಲ್ಲ, ಪಾದವನ್ನು ನೋಡಿ ನಿಂತರು.

“ನೀನು ಮೂರನೇ ಕಿಟಕಿ ಅಲ್ವಾ?”

ಅಂದಿನಿಂದ ಆಯಮ್ಮನ ಬಾಯಲ್ಲಿ ಅವಳು ಮೂರನೇ ಕಿಟಕಿಯೇ. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನಕ್ಕೆ ನೂರು ಚೀಟಿ ಓದುವವಳು, ಮನೆಯಲ್ಲಿ ಸೊಸೆ, ಶಾಲೆಯ ಬಾಗಿಲಲ್ಲಿ ಇಂಥವಳ ಅಮ್ಮ. ಈ ಎಲ್ಲ ಹೆಸರುಗಳಿಗಿಂತ ಮೂರನೇ ಕಿಟಕಿಯೇ ಅವಳಿಗೆ ಹೆಚ್ಚು ಹಿಡಿಸಿತು.

ವನಧಾಮದ ಆ ದಾರಿ ಉದ್ದವೇನಲ್ಲ, ಎರಡೂಕಾಲು ಕಿಲೋಮೀಟರು. ಬಾಗಿಲಿನಿಂದ ಎಡಕ್ಕೆ ಹೊರಟು, ತೊರೆಯ ಪಕ್ಕದಲ್ಲಿ ಸಾಗಿ, ಬೇರುಗಳು ಮೆಟ್ಟಿಲಿನ ಹಾಗೆ ಎದ್ದುನಿಂತ ತಿರುವಿನಲ್ಲಿ ಏರಿ, ದಿಣ್ಣೆಯ ನೆತ್ತಿ ಹಾದು, ಕೊಳದ ಬಳಿ ಇಳಿದು, ಮರದ ಕಿರುಸೇತುವೆ ದಾಟಿದರೆ ಮತ್ತೆ ಬಾಗಿಲೇ. ಬಾಗಿಲ ಬಳಿ ಬೋರ್ಡು: ‘ಸುಲಭ ದಾರಿ. ಎಲ್ಲ ವಯಸ್ಸಿನವರಿಗೂ. ಮುಕ್ಕಾಲು ಗಂಟೆ.’

ಕೆಲಸಕ್ಕೆ ಸೇರಿದ ಮೊದಲ ದಿನವೇ ಆಯಮ್ಮ ಆ ಬೋರ್ಡಿನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತರಂತೆ. “ಸುಲಭ ಅಂತೆ ಸುಲಭ! ಯಾರಿಗೆ? ಇದನ್ನ ಬರೆದವನಿಗೆ ವಯಸ್ಸೆಷ್ಟು? ಅವನ ಹೊಟ್ಟೆ ಯಾರಾದ್ರೂ ಕೊಯ್ದಿದಾರಾ?”

ಅವರನ್ನು ನೇಮಿಸಿದ್ದು ಎಲೆ ಗುಡಿಸುವುದಕ್ಕೆ, ದಾರಿಗೆ ಚಾಚಿದ ಕೊಂಬೆ ಕತ್ತರಿಸುವುದಕ್ಕೆ. ಅದನ್ನು ಮಾಡಿದರು. ಅದರ ಜೊತೆಗೆ, ಯಾರೂ ಹೇಳದೆ, ಇನ್ನೊಂದು ಕೆಲಸ ಹಚ್ಚಿಕೊಂಡರು. ತೊರೆಯಿಂದ ಗೋಲಿಯ ಗಾತ್ರದ ನುಣುಪು ಕಲ್ಲುಗಳನ್ನು ಆರಿಸಿ ಜೇಬು ತುಂಬಿಕೊಳ್ಳುವರು. ದಾರಿಯಲ್ಲಿ ಯಾರಾದರೂ ನಿಂತರೆ, ಅವರು ಮುಂದೆ ಹೋದ ಮೇಲೆ, ನಿಂತ ಜಾಗದ ಪಕ್ಕದ ಮರದ ಬುಡದಲ್ಲಿ ಒಂದು ಕಲ್ಲು ಹಾಕುವರು. ನಿಂತಲ್ಲೊಂದು ಕಲ್ಲು, ಅಷ್ಟೇ ಲೆಕ್ಕ.

“ಸುಮ್ನೆ ನಿಂತವರಿಗೂ ಹಾಕ್ತೀರಾ?” ಎಂದು ಒಮ್ಮೆ ಅವಳು ಕೇಳಿದ್ದಳು. “ಹೂವು ನೋಡೋಕೆ, ಹಕ್ಕಿ ನೋಡೋಕೆ ನಿಂತವರಿಗೆ?”

“ಹಕ್ಕಿ!” ಆಯಮ್ಮ ನಕ್ಕುಬಿಟ್ಟರು. “ಲೇ ಮೂರನೇ ಕಿಟಕಿ, ಉಸಿರು ಕಟ್ಟಿದವರು ಉಸಿರು ಕಟ್ತು ಅಂತ ಹೇಳ್ತಾರಾ? ಹೆಂಗಸರು ಬಾಟಲಿ ತೆಗೆದು ನೀರು ಕುಡೀತಾರೆ. ಗಂಡಸರಿಗೆ ಚಪ್ಪಲಿಯೊಳಗೆ ಮಣ್ಣು ಹೋಗಿರುತ್ತೆ. ತೀರಾ ಮಾನವಂತರಾದ್ರೆ ಮರದ ಮೇಲೆ ಹಕ್ಕಿ ತೋರಿಸ್ತಾರೆ. ನಿಜವಾಗಿ ಹಕ್ಕಿ ನೋಡೋರ ಭುಜ ಸುಮ್ಮನಿರುತ್ತೆ. ಇವರ ಭುಜ ಮೇಲೆ ಕೆಳಗೆ ಆಡ್ತಿರುತ್ತೆ. ಭುಜ ನೋಡು.”

“ಅವರವರೇ ಕಲ್ಲು ಹಾಕ್ಲಿ ಅಂತ ಹೇಳಿದ್ರೆ ನಿಮಗೆ ಕೆಲಸ ಕಡಿಮೆ.”

“ಆಗೋದೇ ಇಲ್ಲ. ತನ್ನ ಕಲ್ಲು ತಾನು ಹಾಕೋ ಹಾಗಿಲ್ಲ. ನೀನು ಹಾಕಬೇಕಾದ್ರೆ ಎಲ್ಲಿ ಹಾಕ್ತೀಯ? ಇನ್ನೂ ಐವತ್ತು ಹೆಜ್ಜೆ ಮುಂದೆ ಹೋಗಿ ಹಾಕ್ತೀಯ. ನಾಚಿಕೆ! ಪಕ್ಕದವರು ನೋಡಿ ಹಾಕಬೇಕು.”

ಒಂದು ವರ್ಷದಲ್ಲಿ ಆರು ಗುಡ್ಡೆಗಳಾದವು. ಎಲ್ಲಕ್ಕಿಂತ ದೊಡ್ಡದು ಬೇರಿನ ತಿರುವಿನಲ್ಲಿ, ಮಗುವಿನ ಮಂಡಿಯೆತ್ತರ. ಅದೇ ಹೊತ್ತಿಗೆ ಆಸ್ಪತ್ರೆಗೆ ಉಕ್ಕಿನ ಕುರ್ಚಿಗಳು ಬಂದು, ಹೊರರೋಗಿಗಳ ಹಜಾರದ ಹಳೆಯ ಮರದ ಬೆಂಚುಗಳು ಬಟ್ಟೆ ಒಗೆಯುವ ಕೋಣೆಯ ಹಿಂದೆ ಬಿಸಿಲು ಮಳೆಗೆ ಬಿದ್ದಿದ್ದವು. ಆಯಮ್ಮ ಹೋಗಿ, ಕಂಡಕಂಡವರ ಮೇಜಿನ ಎದುರು ನಿಂತು, ಕೊನೆಗೆ ಆರು ಬೆಂಚು ಕೇಳಿ ಪಡೆದು ಬಟ್ಟೆಯ ವ್ಯಾನಿನಲ್ಲಿ ತಂದರು. ಗುಡ್ಡೆಗೊಂದು ಬೆಂಚು. ಬೆನ್ನಿನ ಹಲಗೆಯ ಮೇಲಿನ ಅಕ್ಷರಗಳು ಹಾಗೇ ಇದ್ದವು. ಕಾಡಿನ ನಡುವೆ, ಏದುಸಿರು ಬಿಡುತ್ತ ಏರಿ ಬಂದವರ ಎದುರಿಗೆ ‘ನಿಮ್ಮ ಸರದಿ ಬರುವವರೆಗೆ ಕಾಯಿರಿ’ ಎಂದು ಬರೆದಿರುತ್ತಿತ್ತು. ಇನ್ನೊಂದರ ಮೇಲೆ ‘ಮೂತ್ರ ಪರೀಕ್ಷೆಗೆ ಈ ಕಡೆ’, ಒಂದು ಬಾಣದ ಗುರುತಿನೊಂದಿಗೆ. ಬಾಣ ನೇರ ಒಂದು ಪೊದೆಯನ್ನು ತೋರಿಸುತ್ತಿತ್ತು. ಅದನ್ನು ಓದಿ ನಗದವರಿಲ್ಲ. ನಗುವಷ್ಟರಲ್ಲಿ ಉಸಿರು ಕೈಗೆ ಬರುತ್ತಿತ್ತು. ಬೆಂಚು ಬಂದ ಮೇಲೂ ಆಯಮ್ಮ ಕಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ. ಗುಡ್ಡೆ ಹತ್ತು ಹೆಜ್ಜೆ ಆಚೆ ಬೆಳೆದರೆ ಬೆಂಚೂ ಹತ್ತು ಹೆಜ್ಜೆ ಆಚೆ ಹೋಗುತ್ತಿತ್ತು.

ಅಂಥ ಆಯಮ್ಮ ಈಗ ಡಬ್ಬದಲ್ಲಿ.

ಟಿಕೆಟ್ ಹಿಡಿದು ತಾಯಿ ಮಗಳು ಒಳಗೆ ಹೋದರು. ಮೊದಲನೆಯ ಬೆಂಚು ಇದ್ದಲ್ಲಿ ಬೆಂಚಿಲ್ಲ. ನಾಲ್ಕು ಕಾಲಿನ ನಾಲ್ಕು ಗುಳಿಗಳಿದ್ದವು, ನೀರು ನಿಂತಿತ್ತು. ರಿಪೇರಿಗೆ ಒಯ್ದಿರಬೇಕು ಎಂದುಕೊಂಡಳು. ಎರಡನೆಯದೂ ಇಲ್ಲ. ಬೇರಿನ ತಿರುವಿಗೆ ಬಂದಾಗ ಅಲ್ಲಿ ಒದ್ದೆ ನೆಲದ ಮೇಲೆ ಕರವಸ್ತ್ರ ಹಾಸಿ ಒಬ್ಬರು ಕೂತಿದ್ದರು. ಪೇಟೆಯ ದರ್ಜಿ. ಪ್ರತಿ ತಿಂಗಳು ಅವಳ ಕೌಂಟರಿಗೆ ಬಂದು, ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಣ್ಣ ಮಾತ್ರೆಯ ಶೀಶೆ ಒಯ್ಯುವವರು. ಡಾಕ್ಟರು ದಿನಾ ನಡೆಯಿರಿ ಎಂದು ಹೇಳಿದ್ದಾರೆ, ದರ್ಜಿ ಹೇಳಿದಂತೆ ನಡೆಯುತ್ತಾರೆ. ಮೊದಲಾದರೆ ಇಲ್ಲಿ ಬೆಂಚಿನ ಮೇಲೆ ಕೂತು, ಹಿಂದೆ ಬರೆದದ್ದನ್ನು ಇನ್ನೊಮ್ಮೆ ಓದಿ, “ನನ್ನ ಸರದಿ ಬಂತು ಅನ್ಸುತ್ತೆ” ಎಂದು ಏಳುತ್ತಿದ್ದರು.

“ಇದ್ಯಾಕಣ್ಣಾ, ನೆಲದ ಮೇಲೆ? ಮಾತ್ರೆ ಇಟ್ಕೊಂಡ್ರಾ?”

“ಇಟ್ಕೊಂಡೆ ತಾಯಿ. ಅದೇನಿಲ್ಲ. ಕೂರೋದು ಕೂತ್ಬಿಟ್ಟೆ, ಏಳೋದು ಹೇಗೆ ಅಂತ ಯೋಚನೆ ಮಾಡ್ತಿದ್ದೆ.” ದರ್ಜಿ ನಗಲು ನೋಡಿದರು. ಪ್ಯಾಂಟಿನ ಹಿಂಭಾಗವೆಲ್ಲ ಕೆಸರು. ಊರಿಗೆಲ್ಲ ಮಡಿಕೆ ಕೆಡದ ಹಾಗೆ ಬಟ್ಟೆ ಹೊಲಿದುಕೊಟ್ಟ ಮನುಷ್ಯ. “ಇಬ್ಬರು ಹುಡುಗ್ರು ಪಕ್ಕದಲ್ಲೇ ಓಡಿ ಹೋದ್ರು. ‘ಅಂಕಲ್, ಯೋಗಾನಾ?’ ಅಂದ್ರು.”

ಅವಳು ಒಂದು ತೋಳು ಹಿಡಿದಳು, ಮಗಳು ಇನ್ನೊಂದು ಕೈಯ ಒಂದೇ ಬೆರಳು ಹಿಡಿದಳು. ಎದ್ದದ್ದಾಯಿತು. ಕಲ್ಲಿನ ಗುಡ್ಡೆ ಇದ್ದ ಮರದ ಬುಡ ನೋಡಿದಳು. ಗುಡಿಸಿ ಸ್ವಚ್ಛ ಮಾಡಿದ್ದರು. ಒಂದು ಕಲ್ಲೂ ಇಲ್ಲ.

ಮುಂದೆ ಕೊಳ ಕಂಡಾಗ ಎಲ್ಲ ತಿಳಿಯಿತು. ಆರೂ ಬೆಂಚುಗಳು ಅಲ್ಲೇ ಇದ್ದವು. ಅರ್ಧಚಂದ್ರಾಕಾರದಲ್ಲಿ, ನೀರಿಗೆ ಮುಖ ಮಾಡಿ. ಬೆನ್ನಿನ ಅಕ್ಷರಗಳು ಹೋಗಿ, ಕಣ್ಣಿಗೆ ಹೊಡೆಯುವ ನೀಲಿ ಬಣ್ಣ ಬಂದಿತ್ತು. ನಡುವೆ ಹೃದಯದ ಆಕಾರದ ಕಬ್ಬಿಣದ ಚೌಕಟ್ಟು. ಅದರೊಳಗೆ ತಲೆ ತೂರಿಸಿ ಫೋಟೋ ತೆಗೆಸಿಕೊಳ್ಳಲು ಒಂದು ಗುಂಪು ಕಾದಿತ್ತು. ಬೆಂಚಿನ ಮೇಲೆ ಕೂತವರು ಯಾರೂ ಇಲ್ಲ. ಆರು ಚೀಲ, ಒಂದು ಕೊಡೆ, ಒಂದು ಜಾಕೆಟ್ಟು ಆರಾಮಾಗಿ ಕೂತಿದ್ದವು. ಅಲ್ಲಿಯೇ ‘ಫೋಟೋ ತಾಣ’ ಎನ್ನುವ ಬೋರ್ಡು, ಅದರ ಸುತ್ತ ಬಿಳಿ ಕಲ್ಲಿನ ಅಂಚು.

ಮಗಳು ಕುಕ್ಕರಗಾಲಲ್ಲಿ ಕೂತು ಒಂದು ಕಲ್ಲೆತ್ತಿ ಉಗುರಿನಿಂದ ಕೆರೆದಳು. ಸುಣ್ಣದ ಕೆಳಗೆ ತೊರೆಯ ಬೂದು ಬಣ್ಣ. “ಅಮ್ಮಾ! ಇವು ಕಲ್ಲಜ್ಜಿ ಕಲ್ಲು! ಸುಣ್ಣ ಬಳಿದುಬಿಟ್ಟಿದಾರೆ!”

ತಾಯಿಗೆ ಮೈಯೆಲ್ಲ ಉರಿದುಹೋಯಿತು. ಒಬ್ಬೊಬ್ಬರ ಏದುಸಿರನ್ನೂ ಒಂದೊಂದಾಗಿ ಆರಿಸಿ, ನಾಲ್ಕು ವರ್ಷ, ಮಳೆ ಚಳಿ ಅನ್ನದೆ, ಮರದ ಬುಡದಲ್ಲಿ ಇಟ್ಟ ಹೆಂಗಸು. ಯಾರೋ ಬಂದು ಅದನ್ನೆಲ್ಲ ಬುಟ್ಟಿಗೆ ಬಾಚಿ, ಬಿಳಿ ಹೊಡೆದು, ಫೋಟೋಗೆ ಅಲಂಕಾರ ಮಾಡಿದ್ದಾರೆ. ಕೊಳದ ಹತ್ತಿರ ಯಾರಿಗೆ ಸುಸ್ತಾಗುತ್ತದೆ? ಅದು ಇಳಿಜಾರಿನ ಕೊನೆ! ಕೊಳ ತಲುಪಿದವನಿಗೆ ಬೆಂಚು ಬೇಡ. ಬೆಂಚು ಬೇಕಾದವನು ಕೊಳ ತಲುಪುವುದೇ ಇಲ್ಲ. ಇಷ್ಟನ್ನು ತಿಳಿಯಲು ದೊಡ್ಡ ಓದು ಬೇಕಾಗಿಲ್ಲ. ದಾರಿಯಲ್ಲಿ ಒಂದು ಸಲ ನಡೆದಿದ್ದರೆ ಸಾಕಿತ್ತು.

ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಸೇತುವೆ ದಾಟಿ, ಉಳಿದ ದಾರಿಯನ್ನು ಯಾವ ಬೆಂಚಿನ ನೆನಪೂ ಇಲ್ಲದ ಹಾಗೆ ಮುಗಿಸಿ, ಅವಳು ನೇರ ಕಚೇರಿಗೆ ನುಗ್ಗಿದಳು. ಮೂರು ತಿಂಗಳ ಹಿಂದೆ ಬಂದ ಹೊಸ ಮ್ಯಾನೇಜರು. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಸಾಧುವಾದ ಮುಖ. ಕಾಡಿನ ನಡುವಿನ ಆ ಕಚೇರಿಯ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಗಿಡ ಇತ್ತು. ಅದನ್ನು ಕಂಡು ಅವಳ ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು.

“ಬನ್ನಿ ಮೇಡಂ, ಕೂತ್ಕೊಳ್ಳಿ.”

“ಬೇಡ. ನಿಂತೇ ಹೇಳ್ತೀನಿ. ನಿಮ್ಮ ದಾರೀಲಿ ನಿಂತು ನಿಂತು ಅಭ್ಯಾಸ ಆಗಿದೆ.”

ಅವರಿಗೆ ಅರ್ಥವಾಗಲಿಲ್ಲ. ಬೆಂಚಿನ ಮಾತೆತ್ತಿದಳು. ಅವರ ಮುಖ ಅರಳಿತು. ಹೊಗಳಲು ಬಂದಿದ್ದಾಳೆ ಅಂದುಕೊಂಡಿರಬೇಕು. “ಎಲ್ಲರಿಗೂ ತುಂಬಾ ಇಷ್ಟ ಆಗಿದೆ ಮೇಡಂ. ನೋಡಿ,” ಎಂದು ಸಲಹೆ ಪುಸ್ತಕ ತಿರುಗಿಸಿದರು. ‘ಕೊಳದ ಹತ್ತಿರ ಸೂಪರ್ ಫೋಟೋ ಬಂತು.’ ‘ನೀಲಿ ಬೆಂಚು ಸಖತ್.’

“ಅವನ್ನ ದಾರಿಯಿಂದ ಯಾಕೆ ತೆಗೆದ್ರಿ?”

“ಬೆಂಚು ಇರೋದು ಕೂತು ನೋಡೋಕಲ್ವಾ ಮೇಡಂ? ಆ ಬೇರಿನ ತಿರುವಲ್ಲಿ ಕೂತ್ರೆ ಎದುರಿಗೆ ಏನಿದೆ? ಬರೀ ಮಣ್ಣಿನ ದಿಣ್ಣೆ. ಅಲ್ಲಿ ಯಾರು ಕೂರ್ತಾರೆ?”

“ಅದನ್ನ ಹತ್ತೋಕಾಗದವರು ಕೂರ್ತಾರೆ. ಇವತ್ತು ಒಬ್ಬರು ಕೂತಿದ್ರು. ಕೆಸರಲ್ಲಿ. ಹೃದಯದ ಕಾಯಿಲೆಯವರು. ನೀವು ಅಲ್ಲಿ ಕಬ್ಬಿಣದ ಹೃದಯ ನಿಲ್ಲಿಸಿದೀರಲ್ಲ, ಅದಲ್ಲ, ಮಾಂಸದ್ದು.”

ಮ್ಯಾನೇಜರು ಪೆನ್ನು ಕೆಳಗಿಟ್ಟರು. “ಯಾವಾಗಲೋ ಒಬ್ಬರು ಕೂತಿರಬಹುದು ಮೇಡಂ. ಆದರೆ ನಾನು ಸಮಿತಿಗೆ ಉತ್ತರ ಕೊಡಬೇಕು. ಎಲ್ಲೆಲ್ಲಿ ಎಷ್ಟೆಷ್ಟು ಜನ ನಿಲ್ತಾರೆ, ಅದಕ್ಕೆ ದಾಖಲೆ ಏನಾದ್ರೂ ಇದೆಯಾ?”

“ಇತ್ತು,” ಎಂದಳು ಅವಳು. “ನೀವು ಅದಕ್ಕೆ ಸುಣ್ಣ ಹೊಡೆಸಿದೀರಿ.”

ಅವರು ಪಿಳಿಪಿಳಿ ನೋಡಿದರು. ಅವಳು ಹೇಳಿದಳು, ಕಿಟಕಿ, ಕುರ್ಚಿ, ಕಲ್ಲು, ಗುಡ್ಡೆ, ಎಲ್ಲ. ಕೇಳುತ್ತ ಕೇಳುತ್ತ ಅವರ ಕಿವಿ ಕೆಂಪಾದದ್ದನ್ನು ಕಂಡಳು. ಒಳ್ಳೆಯ ಮನೆಯ ಹುಡುಗ, ಪಾಪ, ಕೆಟ್ಟವನಲ್ಲ. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿದ್ದು. ಕೆಟ್ಟವರಾದರೆ ಬೈದು ಬರಬಹುದು. ಇಂಥ ಸಾಧುಗಳು ಇರುವುದನ್ನೆಲ್ಲ ಗುಡಿಸಿ, ಆಮೇಲೆ ‘ಗೊತ್ತಿರಲಿಲ್ಲ’ ಎನ್ನುತ್ತಾರೆ. ಗೊತ್ತಿದ್ದವರೊಬ್ಬರು ದಿನಾ ಅವರ ಬಾಗಿಲಲ್ಲೇ ಪೊರಕೆ ಹಿಡಿದು ನಿಂತಿದ್ದರೂ ಕೇಳುವುದಿಲ್ಲ.

“ಅದನ್ನ ಕಸ ಅಂದುಕೊಂಡೆ,” ಎಂದರು ಕೊನೆಗೆ.

“ಆಯಮ್ಮ ಹೇಳಲಿಲ್ವಾ?”

“ಏನೋ ಹೇಳೋಕೆ ಬಂದಿದ್ರು. ನಾನು... ಅವತ್ತು ಬಣ್ಣದವರು ಕಾಯ್ತಿದ್ರು.” ಅವರು ಕೊರಳಪಟ್ಟಿ ಸಡಿಲ ಮಾಡಿಕೊಂಡರು. “ಒಂದು ಕೆಲಸ ಮಾಡಿ. ತಿಂಗಳ ಕೊನೆಗೆ ಸಮಿತಿ ಸಭೆ ಇದೆ. ಅಷ್ಟರಲ್ಲಿ ಅದೇ ಥರ ಲೆಕ್ಕ ಮಾಡಿ ತೋರಿಸಿ. ಗುಡ್ಡೆ ಎಲ್ಲಿ ಬೆಳೆಯುತ್ತೋ ಅಲ್ಲಿಗೆ ಬೆಂಚು ನಾನೇ ಹೊತ್ತು ಹಾಕಿಸ್ತೀನಿ. ಗುಡಿಸೋರಿಗೆ ಕಲ್ಲು ಮುಟ್ಟಬೇಡಿ ಅಂತ ಹೇಳ್ತೀನಿ. ಆದರೆ ಆಯಮ್ಮನ್ನ ದಾರಿ ಕೆಲಸಕ್ಕೆ ವಾಪಸ್ ಕಳಿಸೋಕಾಗಲ್ಲ. ಅರವತ್ತು ದಾಟಿದೆ, ನಿಯಮ ಒಪ್ಪಲ್ಲ.”

“ಲೆಕ್ಕ ಬರದೇ ಇದ್ರೆ?”

“ಬೆಂಚು ಕೊಳದ ಹತ್ತಿರಾನೇ ಇರುತ್ತೆ ಮೇಡಂ.”

ಹೊರಗೆ ಬಂದಾಗ ಡಬ್ಬದ ಎದುರು ಸಾಲು ಕರಗಿತ್ತು. ಸುದ್ದಿ ಅವಳಿಗಿಂತ ಮುಂಚೆ ಬಂದು ಮುಟ್ಟಿತ್ತು. ಕಚೇರಿಯ ಕಿಟಕಿ ತೆರೆದೇ ಇತ್ತು, ಅವಳ ಗಂಟಲೇನು ಮಗಳದ್ದಕ್ಕಿಂತ ಕಡಿಮೆಯೇ?

“ಜಗಳ ಆಡಿದೆಯಂತೆ?”

“ಆಡಿದೆ.”

“ಹೊಲಿಗೆ ಬಿಚ್ಚಿಹೋಗಲಿಲ್ಲ ತಾನೆ?” ಎಂದರು ಆಯಮ್ಮ. ಆಮೇಲೆ ದನಿ ಇಳಿಸಿದರು. “ಡಬ್ಬ ಹೋಗ್ಲಿ ಬಿಡು. ನನಗೆ ವಯಸ್ಸಾಯ್ತು, ನಿಜ. ಬಣ್ಣಾನೂ ಹೋಗ್ಲಿ. ಆದರೆ ಆ ತಿರುವಿನ ಬೆಂಚು... ಹೊಟ್ಟೆ ಉರಿಯುತ್ತೆ ಕಣೇ. ಇಲ್ಲಿ ಕೂತು ಟಿಕೆಟ್ ಹರೀತೀನಲ್ಲ, ಒಳಗೆ ಹೋಗೋರ ಕಾಲು ಕಾಣಿಸುತ್ತೆ. ಇವರು ತಿರುವು ದಾಟಲ್ಲ, ಇವರು ನಿಲ್ತಾರೆ, ಇವರಿಗೆ ಕೂರಬೇಕು ಅಂತ ಗೊತ್ತಾಗುತ್ತೆ. ಗೊತ್ತಾದ್ರೂ ‘ಹೋಗಿ ಬನ್ನಿ’ ಅಂತ ಟಿಕೆಟ್ ಕೊಟ್ಟು ಕಳಿಸಬೇಕು. ಬೋರ್ಡಲ್ಲಿ ಸುಲಭ ಅಂತ ಬರೆದಿದೆಯಲ್ಲ!”

“ತಿಂಗಳ ಕೊನೆ ತನಕ ಟೈಮ್ ಕೊಟ್ಟಿದಾರೆ ಆಯಮ್ಮ. ನಾನು ಬರ್ತೀನಿ. ದರ್ಜಿ ಅಣ್ಣನಿಗೂ ಕಣ್ಣಿಟ್ಟಿರಿ ಅಂತ ಹೇಳ್ತೀನಿ.”

“ಬುಧವಾರ ನನಗೆ ರಜೆ,” ಎಂದರು ಆಯಮ್ಮ. “ಕೆಲಸಕ್ಕೆ ಬಂದ್ರೆ ನನಗೆ ವಯಸ್ಸಾಗಿದೆ. ಟಿಕೆಟ್ ತಗೊಂಡು ಬಂದ್ರೆ ಎಲ್ಲ ವಯಸ್ಸಿನವರಿಗೂ ಸುಲಭ ದಾರಿ. ಅಲ್ವಾ? ಯಾವನು ತಡೀತಾನೆ ನೋಡೋಣ.”

ಬುಧವಾರ ಅವಳು ಅಂಗಡಿಯಿಂದ ಅರ್ಧ ದಿನ ರಜೆ ಬೇಡಿ, ಶಾಲೆಯಿಂದ ಮಗಳನ್ನು ಕರೆದುಕೊಂಡು ಬಂದಳು. ಆಯಮ್ಮ ಏಪ್ರನ್ ಇಲ್ಲದೆ ಬಂದಿದ್ದರು. ಎಣ್ಣೆ ಹಚ್ಚಿ ಬಾಚಿದ ತಲೆ, ತೊಳೆದ ಕ್ಯಾನ್ವಾಸ್ ಶೂ, ಕೈಯಲ್ಲಿ ಟಿಕೆಟ್ಟು. ತಮ್ಮದೇ ಡಬ್ಬದ ಕಿಂಡಿಯಲ್ಲಿ ಅವತ್ತಿನ ಬದಲಿ ನೌಕರನಿಂದ ಕೇಳಿ ಪಡೆದ ಟಿಕೆಟ್ಟು. ತೊರೆಯ ಬಳಿ ಮೂವರೂ ಕೂತು ಕಲ್ಲು ಆರಿಸಿದರು. ಮಗಳು ಆರಿಸಿದ್ದೆಲ್ಲ ಬಣ್ಣದ ಕಲ್ಲು. ಆಯಮ್ಮ ಬೇಡ ಎನ್ನಲಿಲ್ಲ. ಜೇಬು ಮಾತ್ರ ತಾಯಿಯದೇ. ಔಷಧಿ ಅಂಗಡಿಯ ಕೋಟಿನ ಎರಡೂ ಜೇಬು ಜೋತುಬಿದ್ದು ಮಂಡಿಗೆ ಬಡಿಯುತ್ತಿದ್ದವು.

ಮೊದಲ ಬೆಂಚಿನ ಗುಳಿಗಳ ಹತ್ತಿರ ಬಸುರಿ ಹೆಂಗಸೊಬ್ಬಳು ನೀರು ಕುಡಿಯುತ್ತ ನಿಂತಿದ್ದಳು. ಅವಳು ದಾಟಿದ ಮೇಲೆ ಒಂದು ಕಲ್ಲು. ಇನ್ನಷ್ಟು ಮುಂದೆ ದಪ್ಪ ಮೈಯ ಗಂಡಸೊಬ್ಬ ಶೂ ಕಳಚಿ ಕೊಡವುತ್ತಿದ್ದ. ಒಂದು ಮಣ್ಣಿನ ಹರಳೂ ಉದುರಲಿಲ್ಲ. ಅವನಿಗೊಂದು. ಮಗಳು ಖುಷಿಯಿಂದ ಪ್ರತಿ ಮರದ ಬುಡಕ್ಕೂ ಕಲ್ಲು ಹಾಕೋಣ ಎಂದಳು. “ಸುಳ್ಳು ಕಲ್ಲು ಹಾಕಬಾರದು ಪುಟ್ಟಿ,” ಎಂದರು ಆಯಮ್ಮ ಗಂಭೀರವಾಗಿ. “ಒಂದು ಸುಳ್ಳು ಕಲ್ಲು ಸಿಕ್ಕಿದ್ರೂ ಆ ಇಸ್ತ್ರಿ ಅಂಗಿ ಎಲ್ಲಾನೂ ಸುಳ್ಳು ಅನ್ನುತ್ತೆ.”

ಮಾತಾಡುತ್ತಲೇ ಏರಿದರು. ಆಸ್ಪತ್ರೆಯ ಕಥೆ, ಬಟ್ಟೆಯ ವ್ಯಾನಿನ ಡ್ರೈವರು ಬೆಂಚು ಹೊರುವಾಗ ಬೈದ ಬೈಗುಳ, ಹಿಂದಿನ ಮ್ಯಾನೇಜರು ‘ಮೂತ್ರ ಪರೀಕ್ಷೆ’ ಬೆಂಚನ್ನು ಅಳಿಸಲು ಹೇಳಿ ತಾವೇ ನಕ್ಕು ಬಿಟ್ಟುಬಿಟ್ಟದ್ದು. ಬೇರಿನ ತಿರುವು ಬರುತ್ತಿದ್ದಂತೆ ಕಥೆ ತುಂಡುತುಂಡಾಯಿತು. ಒಂದು ವಾಕ್ಯದ ನಡುವೆ ಎರಡು ಬೇರು ದಾಟಿದರು. ಆಮೇಲೆ ವಾಕ್ಯ ಮುಗಿಯಲೇ ಇಲ್ಲ. ನಾಲ್ಕು ವರ್ಷ ಈ ಏರನ್ನು ದಿನಕ್ಕೆ ಮೂರು ಸಲ ಪೊರಕೆ ಹಿಡಿದು ಹತ್ತಿದವರು ಆಯಮ್ಮ. ಈಗ ಎರಡು ತಿಂಗಳಿಂದ ಡಬ್ಬದಲ್ಲಿ ಮಂಡಿ ಮಡಚಿ ಕೂತಿದ್ದರು.

ಬೆಂಚಿನ ನಾಲ್ಕು ಗುಳಿಗಳ ಪಕ್ಕ ಆಯಮ್ಮ ನಿಂತರು. ಒಂದು ಕೈ ಮರಕ್ಕೆ ಕೊಟ್ಟು, ಇನ್ನೊಂದನ್ನು ಮೇಲಕ್ಕೆತ್ತಿ ತೋರಿಸಿದರು.

“ಅದೋ... ನೋಡು ಪುಟ್ಟೀ. ಮರಕುಟಿಗ.”

“ಎಲ್ಲಿ?”

“ಅಲ್ಲೇ. ಆ ಕೊಂಬೆ... ಮೇಲೆ.”

ಮಗಳು ಕತ್ತು ಹಿಂದಕ್ಕೆ ಬಾಗಿಸಿ ಹುಡುಕಿದಳು. “ಇಲ್ವಲ್ಲ! ಎಲ್ಲೂ ಇಲ್ಲ!”

ತಾಯಿ ಕೊಂಬೆಯ ಕಡೆ ನೋಡಲಿಲ್ಲ. ಅವಳು ನೋಡಿದ್ದು ಭುಜ. ತೆಳುವಾದ, ಇಪ್ಪತ್ತೇಳು ವರ್ಷ ಊರಿನ ಭಾರವನ್ನೆಲ್ಲ ಆನಿಸಿಕೊಂಡ ಭುಜ, ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಜೇಬಿನಲ್ಲಿದ್ದ ಅವಳ ಕೈ ಒಂದು ಕಲ್ಲನ್ನು ಹಿಡಿದಿತ್ತು, ಆದರೆ ಹೊರಗೆ ಬರಲೊಲ್ಲದು. ಬೇರೆಯವರಿಗೆ ಹಾಕಿದ ಹಾಗೆ ಇವರಿಗೆ ಹಾಕುವುದೇ? ಅದೂ ಅವರೆದುರಿಗೇ? ಮತ್ತೆ ಆ ನೀಲಿ ಬೆಂಚುಗಳು ನೆನಪಾದವು. ಚೀಲಗಳು, ಕೊಡೆ, ಜಾಕೆಟ್ಟು ಆರಾಮಾಗಿ ಕೂತ ಆ ಬೆಂಚುಗಳು. ಇಲ್ಲಿ ಈ ಹೆಂಗಸಿಗೆ ಊರಲು ಮರದ ಸಿಪ್ಪೆಯ ಹೊರತು ಇನ್ನೇನೂ ಇಲ್ಲ. ಅವಳಿಗೆ ಕಣ್ಣು ತುಂಬುವಷ್ಟು ರೋಷ ಬಂತು.

“ಬನ್ನಿ ಆಯಮ್ಮ, ನನ್ನ ಕೋಟು ಹಾಸ್ತೀನಿ, ಕೂತ್ಕೊಳ್ಳಿ.”

“ಕೂತ್ರೆ ದರ್ಜಿಯ ಹಾಗೆ ಏಳೋಕಾಗಲ್ಲ. ಬೇಡ.” ಆಯಮ್ಮ ಉಸಿರು ಕೂಡಿಸಿಕೊಂಡರು. ಕೈ ಕೆಳಗಿಳಿಯಿತು. ಸಿಕ್ಕಿಬಿದ್ದವರ ಹಾಗೆ ಒಮ್ಮೆ ನಕ್ಕರು. ಆಮೇಲೆ ನಗು ನಿಲ್ಲಿಸಿ, ಬುಡದ ಬರಿ ನೆಲವನ್ನೂ ಅವಳ ಜೋತುಬಿದ್ದ ಜೇಬನ್ನೂ ನೋಡಿದರು.

“ಲೇ ಮೂರನೇ ಕಿಟಕಿ, ನನ್ನ ಮುಖ ಏನು ನೋಡ್ತೀಯ? ನನ್ನದನ್ನ ನಾನೇ ಹಾಕೋ ಹಾಗಿಲ್ಲ, ಗೊತ್ತಲ್ಲ,” ಎಂದರು. “ನನ್ನ ಲೆಕ್ಕಕ್ಕೂ ಒಂದು ಕಲ್ಲು ಹಾಕಿಬಿಡು ತಾಯಿ. ಸರಿಯಾಗಿ ನೋಡಿ ಹಾಕು. ನಾನು ನಿಂತಿದ್ದು ಇಲ್ಲೇ.”